ಡಗ್ಗಾ ಎಲ್ಲಿ ಹೋಯಿತು?

ನಮ್ಮ ಗದುಗಿನ ಭೀಮಸೇನ ಜೋಶಿಯವರ ಗಾಯನವನ್ನು ಮನೆಯ ಸ್ಟೀರಿಯೋದಲ್ಲಿ ಹಚ್ಚಿದ್ದೀರಿ. ಕಂಠ ಕೇಳುತ್ತದೆ, ತಬಲಾದ ಡಗ್ಗಾ ಮಾತ್ರ ಪೊಳ್ಳು. ಹೊಸ ಸ್ಪೀಕರ್ ತರಲು ಹುಬ್ಬಳ್ಳಿಗೆ ಹೊರಡುವ ಮೊದಲು ಪೆಟ್ಟಿಗೆಗಳ ಹಿಂಬದಿ ನೋಡಿರಿ. ಒಂದರಲ್ಲಿ ಕೆಂಪು-ಕಪ್ಪು ತಂತಿಗಳು ಅದಲುಬದಲಾಗಿರಬಹುದು. ಆಗ ಒಂದು ಸ್ಪೀಕರಿನ ಕೋನ್ ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಸೆಕೆಂಡಿಗೆ 100 ಕಂಪನದ ಧ್ವನಿಯ ತರಂಗಾಂತರ ಸುಮಾರು 3.4 ಮೀಟರ್. ಇಂಥ ಉದ್ದನೆಯ ಅಲೆಗಳು ಕೋಣೆಯಲ್ಲಿ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಬಿಡುತ್ತವೆ. ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ವ್ಯತಿಕರಣ ಇದೇ!

ಗುರುತು ಅಳಿಸಿದೆಯೇ? ಆಂಪ್ಲಿಫೈಯರ್ ಆರಿಸಿ, ತಂತಿ ಬಿಡಿಸಿ, ಸ್ಪೀಕರಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿರಿ. ದೊಡ್ಡ ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಧನ ತುದಿ ತಾಗಿದ್ದೇ ಕೆಂಪು.

ಅಡುಗೆಮನೆಗೂ ಸ್ಪೀಕರ್ ಬೇಕೆಂದು ಮಕ್ಕಳು ಜೋಡಿಸುವುದುಂಟು. ತಂದೆ-ತಾಯಂದಿರು ಇಲ್ಲಿ ಎಚ್ಚರ ವಹಿಸಬೇಕು. 8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಉಳಿಯುವುದು 4 ಓಮ್, ವಿದ್ಯುತ್ ಪ್ರವಾಹ ಇಮ್ಮಡಿ. ಆಂಪ್ಲಿಫೈಯರಿನ ಹಿಂದೆ ಕನಿಷ್ಠ 8 ಓಮ್ ಎಂದು ಬರೆದಿದ್ದರೆ ಅದು ಕಾದು ಸುಟ್ಟೀತು. ಸರಣಿಯಲ್ಲಿ 16 ಓಮ್ ಆಗುತ್ತದೆ. ಸದ್ದು ತಗ್ಗಿದರೂ ಆ ಭಯವಿಲ್ಲ.

ಇನ್ನು ತಂತಿ. ಮುಂಡರಗಿ, ಲಕ್ಷ್ಮೇಶ್ವರದ ಉದ್ದನೆಯ ಮನೆಗಳಲ್ಲಿ ಅದು 10 ಮೀಟರ್ ಓಡಬೇಕಾದೀತು. ಹೋಗಿ ಬರಲು 20. ಕರೆಗಂಟೆಯ 0.2 ಚದರ ಮಿಲಿಮೀಟರ್ ತಾಮ್ರದಲ್ಲಿ ಇದು ಸುಮಾರು 1.7 ಓಮ್ ರೋಧ; 1.5 ಚದರ ಮಿಲಿಮೀಟರಿನಲ್ಲಿ 0.23 ಮಾತ್ರ. ಮನೆಯ ವೈರಿಂಗಿನಲ್ಲಿ ಉಳಿದ ಸಾದಾ ತಾಮ್ರದ ತಂತಿಯೇ ಸಾಕು, ಬಂಗಾರ ಲೇಪದ ದುಬಾರಿ ಸರಕು ಬೇಡ.