ಸುಂಕದ ಕಟ್ಟೆಯ ಆನೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಮ್ಮ ವಾಚಕರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ಗಡಿಯಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಅದು ಗಾದೆಗಿಂತ ಹೆಚ್ಚಾಗಿ ದಿನಚರಿಯೇ ಆಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿಯ ಬೆಟ್ಟವು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ಮಗಳ ಮನೆಗೆ ಎರಡು ಮೂಟೆ ರಾಗಿ ಸಾಗಿಸಬೇಕಾದರೂ ನಡುವೆ ಒಂದು ಗೇಟು, ಗೇಟಿನ ಪಕ್ಕದಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಮನುಷ್ಯ. ಆ ಮನುಷ್ಯನಿಗೆ ಮಗಳ ಬಾಣಂತನದ ಕಥೆ ಬೇಕಿಲ್ಲ, ಚೀಟಿ ಬೇಕು.

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಗಡಿಯ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಎತ್ತಿಹೋದವು. ಇನ್ನು ನಮಗೆ ಸುಂಕದವರ ಕಾಟ ತಪ್ಪಿತೆಂದು ನಾವು ಸಂತೋಷಪಟ್ಟುದು ನಿಜ. ಆದರೆ ಸರಕಾರ ಬಿಟ್ಟ ಕೆಲಸವನ್ನು ನಮ್ಮ ಹಾಸನೂರಿನ ಆನೆ ಕೈಗೆತ್ತಿಕೊಂಡಿತು. ಕೈಗೆ ಎನ್ನುವುದಕ್ಕಿಂತ ಸೊಂಡಿಲಿಗೆ ಎನ್ನುವುದೇ ಸರಿ.

ಹಾಸನೂರಿನಿಂದ ಚಾಮರಾಜನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಪುಣಜನೂರಿಗೆ ಮುಂಚೆ, ಕಾರಪಳ್ಳಂ ಎಂಬಲ್ಲಿ ಅರಣ್ಯ ಇಲಾಖೆಯ ಗೇಟು ಇದೆ. ಮೇಲ್ನಾಡಿನ ಕಬ್ಬು ಈ ದಾರಿಯಾಗಿಯೇ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆಯ ಕಾರ್ಖಾನೆಗೆ ಹೋಗುತ್ತದೆ. ಅತಿ ಎತ್ತರಕ್ಕೆ ಹೇರಿದ ಲಾರಿಗಳನ್ನು ತಡೆಯಲೆಂದು ಗೇಟಿನ ಬಳಿ ಅಡ್ಡಪಟ್ಟಿ ನಿಲ್ಲಿಸಿದಾಗ, ಹೆಚ್ಚಾದ ಕಬ್ಬನ್ನು ಚಾಲಕರು ಅಲ್ಲಿಯೇ ರಸ್ತೆಯ ಬದಿಗೆ ಎಳೆದು ಹಾಕತೊಡಗಿದರು. ಕೆಲವರು ಆನೆಗಳಿಗೆಂದೇ ಎರಡು ಜಲ್ಲೆ ಎಸೆದು, ಅವು ತಿನ್ನುವುದನ್ನು ನೋಡಿ ನಕ್ಕು ಮುಂದೆ ಹೋದರು. ಆನೆಗೆ ಪಾಠ ಹೇಳಿಕೊಡುವುದಕ್ಕೆ ಇಷ್ಟು ಸಾಕಾಯಿತು. ಕಾಡಿನಲ್ಲಿ ಹಗಲೆಲ್ಲ ಅಲೆದು ಮೇಯುವುದೇಕೆ, ಊಟವು ತಾನಾಗಿ ಗಾಲಿಯ ಮೇಲೆ ಬರುವಾಗ? ಅವು ರಸ್ತೆಗೆ ಬಂದು, ಲಾರಿಯನ್ನು ನಿಲ್ಲಿಸಿ, ತಮ್ಮ ಪಾಲನ್ನು ತಾವೇ ಇಳಿಸಿಕೊಳ್ಳುವುದನ್ನು ಕಲಿತವು. ಕಬ್ಬು ಎಸೆಯುವವರಿಗೆ ದಂಡ ಹಾಕುವುದಾಗಿ ಅರಣ್ಯ ಇಲಾಖೆಯವರು ಎಚ್ಚರಿಕೆ ಕೊಟ್ಟರು. ಅದು ನ್ಯಾಯವೇ, ಯಾತಕ್ಕೆಂದರೆ ರಸ್ತೆಗೆ ಒಗ್ಗಿದ ಆನೆ ಒಂದಲ್ಲ ಒಂದು ದಿನ ವಾಹನಕ್ಕೆ ಸಿಕ್ಕಿ ತಾನು ಸಾಯುತ್ತದೆ, ಇಲ್ಲವೇ ಮನುಷ್ಯನನ್ನು ಕೊಲ್ಲುತ್ತದೆ.

ಈಗ ನಮ್ಮ ಕಥೆಗೆ ಬರೋಣ. ಅದು ನಮಗೆ ಕೀರ್ತಿ ತರುವ ಕಥೆಯಲ್ಲ. ಆದರೂ ಹೇಳಿಬಿಡುವುದು ಲೇಸು, ಬೆಟ್ಟದ ಮೇಲೆ ಅರ್ಧ ಜನಕ್ಕೆ ಅದು ಈಗಾಗಲೇ ಗೊತ್ತು.

ನಮ್ಮ ಪುಟ್ಟ ಸಭೆಯಲ್ಲಿ ವರ್ಷಕ್ಕೊಮ್ಮೆ ಸುಗ್ಗಿಯ ಹಬ್ಬ ನಡೆಯುತ್ತದೆ. ತಮಿಳು ಕುಟುಂಬದವರು ಅದನ್ನು ಅರುಪ್ಪಿನ್ ಪಂಡಿಗೈ ಎನ್ನುತ್ತಾರೆ. ಹೆಸರು ಎರಡಾದರೂ ಕುಂಬಳಕಾಯಿ ಒಂದೇ. ಹೊಲದ ಮೊದಲ ಫಲವನ್ನು ದೇವಾಲಯಕ್ಕೆ ತಂದು, ಪ್ರಾರ್ಥನೆಯ ತರುವಾಯ ಹರಾಜು ಹಾಕಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸುವ ಹಬ್ಬ. ಅದರ ಖರ್ಚಿಗೆ ಮನೆಯೊಂದಕ್ಕೆ ಐನೂರು ರೂಪಾಯಿ ವಂತಿಗೆ ಎಂದು ಕಳೆದ ವರ್ಷ ಕಮಿಟಿಯಲ್ಲಿ ನಿಶ್ಚಯವಾಯಿತು. ಪಾಠ ಹೇಳಿ ನಿವೃತ್ತರಾದವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆಂಬ ನಂಬಿಕೆಯಿಂದ ಖಜಾಂಚಿಯ ಕೆಲಸವನ್ನೂ ರಸೀದಿ ಪುಸ್ತಕವನ್ನೂ ನಮಗೆ ಒಪ್ಪಿಸಿದರು. ರಸೀದಿ ಪುಸ್ತಕ ಕೈಗೆ ಬಂದ ಕೂಡಲೇ ಮನುಷ್ಯನ ನಡಿಗೆ ಬದಲಾಗುತ್ತದೆ ಎಂಬುದನ್ನು ನಮ್ಮ ಮನೆಯವರು ಅಂದೇ ಗಮನಿಸಿದ್ದರಂತೆ. ನಮಗೆ ಹೇಳಿದ್ದು ಮಾತ್ರ ತಡವಾಗಿ.

ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೊರಟೆವು. ಕಾಡಿನಂಚಿನಲ್ಲಿ ಒಂದು ಮನೆ. ಮನೆಯೊಡತಿ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಯಿತು. ಒಂದೂವರೆ ಎಕರೆಯಲ್ಲಿ ಮುಸುಕಿನ ಜೋಳ ಬೆಳೆದು ಬಾಳು ಸಾಗಿಸುತ್ತಿದ್ದಾಳೆ. ನಮ್ಮನ್ನು ಕಂಡು ಚಾಪೆ ಹಾಸಿದಳು.

“ಮೇಷ್ಟ್ರೇ, ಮೊನ್ನೆ ರಾತ್ರಿ ಆನೆ ಬಂದು ಜೋಳವನೆಲ್ಲ ಮೇದೋಯ್ತು ಕಣಪ್ಪ. ಅಟ್ಟಣೆ ಮ್ಯಾಲ ಕುಂತು ತಗಡು ಬಡ್ದು ಬಡ್ದು ನನ್ನ ಕೈ ನೊಂತೇ ಹೊರ್ತು, ಅದು ಕಿವಿಗೇ ಹಾಕನಿಲ್ಲ. ಈ ವರ್ಸ ಬುಟ್ಬುಡಿ” ಎಂದಳು.

ನಾವು ಏನು ಹೇಳಿದೆವೆಂಬುದನ್ನು ಬರೆಯುವಾಗ ಲೇಖನಿ ಹಿಂಜರಿಯುತ್ತದೆ. “ಅವ್ವಾ, ಆನೆಯ ಲೆಕ್ಕ ಬೇರೆ, ಸಭೆಯ ಲೆಕ್ಕ ಬೇರೆ” ಎಂದೆವು. ಆ ಮಾತು ನಮಗೆ ಬಹಳ ಚಮತ್ಕಾರವಾಗಿ ತೋರಿತು. ಆಕೆ ಮರುಮಾತಾಡದೆ ಒಳಗೆ ಹೋಗಿ ಡಬ್ಬಿಯಿಂದ ಇನ್ನೂರು ರೂಪಾಯಿ ತಂದುಕೊಟ್ಟಳು. ನಾವು ರಸೀದಿ ಹರಿದು ಕೊಟ್ಟು, ಪುಸ್ತಕದಲ್ಲಿ “ಬಾಕಿ ಮುನ್ನೂರು” ಎಂದು ಅಂದವಾದ ಅಕ್ಷರದಲ್ಲಿ ಬರೆದುಕೊಂಡೆವು.

ಹಬ್ಬದ ಹಿಂದಿನ ದಿನ ದೇವಾಲಯದ ಅಲಂಕಾರಕ್ಕೂ ಹರಾಜಿಗೂ ಬೇಕಾದ ಸಾಮಾನುಗಳನ್ನು ತರಲು ಸಣ್ಣದೊಂದು ಗೂಡ್ಸ್ ಗಾಡಿಯಲ್ಲಿ ಚಾಮರಾಜನಗರಕ್ಕೆ ಹೋದೆವು. ಅಲ್ಲಿಯ ಬಂಧುಗಳೊಬ್ಬರು ಮೂರು ಬಾಳೆಗೊನೆಗಳನ್ನು ಕಾಣಿಕೆಯಾಗಿ ಕೊಟ್ಟರು. ವೇದಿಕೆಯ ಎರಡು ಪಕ್ಕದಲ್ಲಿ ಕಟ್ಟಲು ಹನ್ನೆರಡು ಜಲ್ಲೆ ಕಬ್ಬನ್ನೂ ಕೊಂಡೆವು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಈ ಹುಲಿಧಾಮದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ಬಿಗಿ ಬಂದದ್ದರಿಂದ, ಹೊತ್ತಿರುವಾಗಲೇ ಊರು ಸೇರೋಣವೆಂದು ಆತುರಪಟ್ಟು ಹೊರಟೆವು. ಕಬ್ಬನ್ನು ಗಾಡಿಯ ಮೇಲೆ ಮುಚ್ಚದೆ ಕಟ್ಟಬಾರದೆಂದು ಚಾಲಕ ಹುಡುಗ ಹೇಳಿದನು. ಹನ್ನೆರಡೇ ಜಲ್ಲೆಯಲ್ಲವೇ, ಆನೆಗೇನು ಎಣಿಸಲು ಬರುತ್ತದೆಯೇ ಎಂದು ನಾವು ನಕ್ಕೆವು.

ಕಾರಪಳ್ಳಂ ದಾಟಿ ಸ್ವಲ್ಪ ದೂರದಲ್ಲಿ ತಾಯಿಯೂ ಮರಿಯೂ ರಸ್ತೆಯ ಮಧ್ಯದಲ್ಲಿ ನಿಂತಿದ್ದವು. ಹುಡುಗ ಗಾಡಿ ನಿಲ್ಲಿಸಿ, “ಸಾರ್, ಮಾತಾಡಬೇಡಿ, ಅಲ್ಲಾಡಬೇಡಿ” ಎಂದನು. ತಾಯಿ ಆತುರವಿಲ್ಲದೆ ಬಂತು. ಮೊದಲು ಕಬ್ಬು ಹೋಯಿತು. ಹನ್ನೆರಡು ಎಂದರೆ ಹನ್ನೆರಡೂ. ಎಣಿಸಲು ಬರುತ್ತದೆಂದು ತೋರುತ್ತದೆ. ಆಮೇಲೆ ಒಂದು ಗೊನೆ, ಮತ್ತೊಂದು ಗೊನೆ. ಬಿಳಾಮನ ದಾರಿಯಲ್ಲಿ ನಿಂತ ಕತ್ತೆಗಾದರೂ ಮಾತಾಡಲು ಬಾಯಿ ಬಂದಿತ್ತು. ಈ ಪ್ರಾಣಿ ಒಂದು ಮಾತನ್ನೂ ಆಡಲಿಲ್ಲ. ಆದರೆ ನಮ್ಮ ಬಾಯಿ ನಿಲ್ಲಲಿಲ್ಲ. ಗಾಜಿನ ಹಿಂದೆ ಕುಳಿತು, “ತಾಯೀ, ಇದು ನಮ್ಮದಲ್ಲ, ಸಭೆಯದು. ನಾಳೆ ಹಬ್ಬ. ಲೆಕ್ಕ ಒಪ್ಪಿಸಬೇಕು” ಎಂದು ಪಿಸುಗುಟ್ಟುತ್ತಿದ್ದೆವಂತೆ. ಇದು ಹುಡುಗ ಊರಿಗೆಲ್ಲ ಹೇಳಿದ ಮೇಲೆ ನಮಗೆ ತಿಳಿಯಿತು. ಮೂರನೆಯ ಗೊನೆಯನ್ನು ಏಕೆ ಬಿಟ್ಟಿತೋ ದೇವರೇ ಬಲ್ಲನು. ಮರಿಯನ್ನು ಮುಂದೆ ಮಾಡಿಕೊಂಡು ಅದು ಪೊದೆಗಳೊಳಗೆ ಹೋಯಿತು.

ಹಬ್ಬ ಮುಗಿದು ಲೆಕ್ಕ ಒಪ್ಪಿಸುವ ದಿನ ಖರ್ಚಿನ ಪಟ್ಟಿಯಲ್ಲಿ, “ಆನೆಗೆ: ಕಬ್ಬು ಹನ್ನೆರಡು ಜಲ್ಲೆ, ಗೊನೆ ಎರಡು” ಎಂದು ಬರೆದು ಓದಿದೆವು. ಮನೆಮನೆಗೆ ನಮ್ಮೊಡನೆ ಬಂದಿದ್ದ ಆ ಹಿರಿಯರು ಕನ್ನಡಕವನ್ನು ತೆಗೆದು ಒರಸುತ್ತಾ, “ಮೇಷ್ಟ್ರೇ, ಆನೆಯ ಲೆಕ್ಕ ಬೇರೆ, ಸಭೆಯ ಲೆಕ್ಕ ಬೇರೆ ಅಲ್ಲವೇ?” ಎಂದರು. ಕಮಿಟಿಯವರೆಲ್ಲ ನಕ್ಕರು. ಸಭಾಪಾಲಕರೂ ನಕ್ಕರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾವೂ ನಕ್ಕೆವು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಗಾಡಿಯಲ್ಲಿ ಕುಳಿತು ಆನೆಗೆ ನಾವು ಹೇಳಿಕೊಂಡುದೂ, ಆ ತಾಯಿ ಚಾಪೆ ಹಾಸಿ ನಮಗೆ ಹೇಳಿಕೊಂಡುದೂ ಒಂದೇ ಬಗೆಯ ಮಾತು. ಆನೆಗೆ ಭಾಷೆ ತಿಳಿಯದು, ಅದು ಕೇಳಲಿಲ್ಲ. ನಮಗೆ ಭಾಷೆ ತಿಳಿಯುತ್ತಿತ್ತು.

ಕನ್ನಡದಲ್ಲಿ ಪೂರ್ಣ ಬೈಬಲ್ 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಹೊರಬಂತು. ಸುವಾರ್ತೆಯಲ್ಲಿ ಬರುವ ಸುಂಕದವನು ಎಂಥವನೆಂದು ಕನ್ನಡಿಗನಿಗೆ ಟೀಕೆ ಬರೆದು ತಿಳಿಸಬೇಕಾದುದಿಲ್ಲ. ನಮ್ಮ ಗಾದೆಯೇ ಟೀಕೆ. ರೋಮನರ ಕಾಲದಲ್ಲಿ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆ ಹಿಡಿದವನು ಸರಕಾರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ, ಮಿಕ್ಕು ವಸೂಲಾದುದನ್ನು ತಾನು ಇಟ್ಟುಕೊಳ್ಳುವನು. ಅಂಥವನು ಜನರ ಸುಖದುಃಖ ಕೇಳುತ್ತಾ ಕುಳಿತರೆ ಕಟ್ಟೆ ನಡೆಯುವುದೆಂತು? ಇಂಥ ಒಂದು ಕಟ್ಟೆಯ ಮುಂದೆ ಕ್ರಿಸ್ತನು ನಿಂತು ಮತ್ತಾಯನನ್ನು ಕರೆದನು. ಇಂಥವರ ಮುಖ್ಯಸ್ಥನಾಗಿದ್ದ ಜಕ್ಕಾಯನು ಯೆರಿಕೋವಿನಲ್ಲಿ ಮರವೇರಿ ಕುಳಿತಿದ್ದಾಗ, ಕೆಳಗಿಳಿದು ಬಾ, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕೆಂದನು. ನೋಡಿರಿ, ಗಾದೆ ಇಲ್ಲಿ ತಲೆಕೆಳಗಾಯಿತು. ಸುಂಕದವನ ಮುಂದೆ ಯಾರೂ ಸುಖದುಃಖ ಹೇಳಿಕೊಳ್ಳದ ಊರಿನಲ್ಲಿ, ಸುಂಕದವನ ಸುಖದುಃಖವನ್ನೇ ಕೇಳುವವನೊಬ್ಬನು ಬಂದನು. ತನ್ನ ಮಾತನ್ನು ಒಬ್ಬನು ಕೇಳಿದ ಮೇಲೆ ಜಕ್ಕಾಯನಿಗೆ ಊರಿನವರ ಮಾತೂ ಕೇಳಿಸಿತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡುದಕ್ಕೆ ನಾಲ್ಕರಷ್ಟು ಎಂದು ಎದ್ದು ನಿಂತು ಹೇಳಿದನು.

ಇದನ್ನೆಲ್ಲ ಮನೆಯವರ ಮುಂದೆ ಹೇಳಿ ಸಮಾಧಾನಪಟ್ಟುಕೊಳ್ಳಬೇಕೆಂದಿದ್ದೆವು. ಅವರು ಒಲೆಯ ಮುಂದಿನಿಂದಲೇ, “ಹಾಗಾದರೆ ಇನ್ನೂರಕ್ಕೆ ನಾಲ್ಕರಷ್ಟು ಎಂಟುನೂರಾಯಿತು” ಎಂದರು.

“ನಾವು ಮೋಸದಿಂದ ತೆಗೆದುಕೊಂಡಿಲ್ಲವಲ್ಲ, ರಸೀದಿ ಕೊಟ್ಟಿದ್ದೇವೆ” ಎಂದೆವು.

“ಜಕ್ಕಾಯನೂ ಕೊಟ್ಟಿರಬೇಕು” ಎಂದರು.

ಮರುದಿನ ಎಂಟುನೂರು ರೂಪಾಯಿಯನ್ನು ಲಕೋಟೆಯಲ್ಲಿಟ್ಟುಕೊಂಡು ಕಾಡಿನಂಚಿನ ಮನೆಗೆ ಹೋದೆವು. ಆಕೆ ಅಟ್ಟಣೆಯ ಮೇಲಿಂದಲೇ ನಮ್ಮನ್ನು ಕಂಡು ಕೂಗಿ ಕೇಳಿದಳು: “ಮೇಷ್ಟ್ರೇ, ನಿಮ್ಮನ್ನೂ ಆನೆ ನಿಲ್ಲಿಸ್ತಂತಲ್ಲ, ರಸೀದಿ ಕೊಡ್ತಾ?”

ಲಕೋಟೆಯನ್ನು ಆಕೆ ಮುಟ್ಟಲಿಲ್ಲ. ದೇವರಿಗೆ ಕೊಟ್ಟುದನ್ನು ಹಿಂದಕ್ಕೆ ಈಸಿಕೊಳ್ಳುವುದುಂಟೇ ಎಂದಳು. ಹಾಗಾದರೆ ನಾವೇನು ಮಾಡಬೇಕೆಂದು ಕೇಳಿದೆವು. ಆ ಪ್ರಶ್ನೆಯನ್ನು ಹೋದ ಸಲ ಕೇಳಿರಲಿಲ್ಲ. ಆಗ ಆಕೆ ಗೋಡೆಯ ಗೂಡಿನಿಂದ ಕಾಗದಗಳ ಕಟ್ಟು ತಂದಳು. ಕಾಡುಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಸರಕಾರದಿಂದ ಪರಿಹಾರ ಸಿಗುವುದುಂಟು. ಆದರೆ ಅರ್ಜಿ ತಮಿಳಿನಲ್ಲಿರಬೇಕು, ಜೊತೆಗೆ ಚಿಟ್ಟಾ, ಅಡಂಗಲ್, ಮೇದ ಹೊಲದ ಫೋಟೋ. ಮನೆಯಲ್ಲಿ ಆಡುವುದು ಕನ್ನಡ, ಕಚೇರಿಯಲ್ಲಿ ಬರೆಯಬೇಕಾದುದು ತಮಿಳು. ಆಕೆಗೆ ಬರೆಯಲು ಬರುವುದು ಎರಡರಲ್ಲಿಯೂ ಹೆಸರು ಮಾತ್ರ. ಬರೆದುಕೊಡುವವರಿಲ್ಲದೆ ಆ ಕಾಗದಗಳು ಗೂಡಿನಲ್ಲಿಯೇ ಕುಳಿತಿದ್ದವು. ಐನೂರು ರೂಪಾಯಿ ವಸೂಲಿಗೆ ಹೋದ ದಿನ ಎರಡು ನಿಮಿಷ ಚಾಪೆಯ ಮೇಲೆ ಕುಳಿತು ಕೇಳಿದ್ದರೆ ಅಂದೇ ನಮಗೆ ಗೊತ್ತಾಗುತ್ತಿತ್ತು. ನಮ್ಮ ಲೇಖನಿ ಆ ದಿನವೂ ಜೇಬಿನಲ್ಲಿಯೇ ಇತ್ತು. “ಬಾಕಿ ಮುನ್ನೂರು” ಎಂದು ಬರೆದುದು ಅದರಿಂದಲೇ.

ಅಂಗಳದಲ್ಲಿ ಕುಳಿತು ಅರ್ಜಿ ಬರೆದೆವು. ಕಚೇರಿಗೊಂದು, ಊರಿನ ಅಧಿಕಾರಿಗೊಂದು, ಆಕೆಗೊಂದು, ನಮ್ಮ ಕಡತಕ್ಕೊಂದು. ಬರೆದು ಮುಗಿಸಿ ಎಣಿಸಿದಾಗ ನಾಲ್ಕು ಪ್ರತಿಗಳಾಗಿದ್ದವು. ಜಕ್ಕಾಯನ ಲೆಕ್ಕ ಹೀಗೆ ಸರಿಹೋದುದನ್ನು ಮನೆಯವರಿಗೆ ತಿಳಿಸಿದೆವು. ಲಕೋಟೆಯ ಎಂಟುನೂರು ಎಲ್ಲಿ ಎಂದು ಅವರು ಕೇಳಿದರು. ಅದು ಬೆಳೆ ಕಳೆದುಕೊಂಡವರ ನಿಧಿಗೆಂದು ಕಮಿಟಿಯಲ್ಲಿ ಜಮೆಯಾಗಿದೆ, ರಸೀದಿ ಸಹಿತ.

ವಾಚಕರೇ, ನಮ್ಮ ನಿಮ್ಮ ಮನೆಗಳಲ್ಲಿಯೂ ಸುಂಕದ ಕಟ್ಟೆಗಳುಂಟು. ಸೊಸೆಯ ಕೆಲಸಕ್ಕೆ ಲೆಕ್ಕ ಕೇಳುವ ಅತ್ತೆ, ಅಂಕಪಟ್ಟಿಗೆ ಲೆಕ್ಕ ಕೇಳುವ ತಂದೆ, ಕಾಣಿಕೆಗೆ ಲೆಕ್ಕ ಕೇಳುವ ಖಜಾಂಚಿ. ಲೆಕ್ಕ ಕೇಳುವುದು ತಪ್ಪೆಂದು ನಾವು ಹೇಳಲಾರೆವು. ಲೆಕ್ಕವಿಲ್ಲದೆ ಸಂಸಾರವೂ ನಡೆಯದು, ಸಭೆಯೂ ನಡೆಯದು. ಲೆಕ್ಕಕ್ಕೆ ಮುಂಚೆ ಸುಖದುಃಖ ಕೇಳಬಾರದೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ವರ್ಷವೂ ರಸೀದಿ ಪುಸ್ತಕ ನಮ್ಮ ಕೈಗೇ ಬಂದಿದೆ. ಕಾಡಿನಂಚಿನ ಮನೆಗೇ ಮೊದಲು ಹೋಗಬೇಕೆಂದಿದ್ದೇವೆ. ಪುಸ್ತಕ ಚೀಲದಲ್ಲಿಯೇ ಇರುತ್ತದೆ. ಲೇಖನಿ ಮಾತ್ರ ಜೇಬಿನಲ್ಲಿ. ಕಬ್ಬನ್ನು ಈ ಸಲ ಟಾರ್ಪಾಲು ಮುಚ್ಚಿಯೇ ತರುತ್ತೇವೆ.