ರಾಣಿಯರ ಜಗಳ ಯಾರಿಗೆ ಬೇಕಿತ್ತು?

ಕಳೆದ ಸೆಮ್ ರಜೆಯಲ್ಲಿ ನಮ್ಮ ಹಾಸ್ಟೆಲ್ ರೂಮಿನ ಮೂವರೂ ಒಂದೇ ಪುಸ್ತಕ ಓದಿದೆವು. ಕೆಂಡಾರೆ ಬ್ಲೇಕ್ ಬರೆದ 'ಥ್ರೀ ಡಾರ್ಕ್ ಕ್ರೌನ್ಸ್'. 2016ರಲ್ಲಿ ಬಂದ ಕಾದಂಬರಿ, 2019ರ ಹೊತ್ತಿಗೆ ಒಟ್ಟು ನಾಲ್ಕು ಭಾಗ ಆಗಿ ಮುಖ್ಯ ಕಥೆ ಮುಗಿದಿದೆ. ಮೇಲಿಂದ ನೋಡಿದರೆ ಸುಲಭದ ಕಥೆ: ಮೂವರು ಅಕ್ಕತಂಗಿಯರು, ಒಂದು ಸಿಂಹಾಸನ, ಉಳಿದಿಬ್ಬರು ಸತ್ತ ಮೇಲೆ ಬದುಕಿರುವವಳೇ ರಾಣಿ. ಓದಿದವರೆಲ್ಲ ಕೇಳೋದು ಒಂದೇ, 'ನೀನು ಯಾರ ಟೀಮ್?' ನಾವೂ ಅದನ್ನೇ ಕೇಳಿಕೊಂಡು, ಒಬ್ಬೊಬ್ಬರು ಒಬ್ಬೊಬ್ಬ ರಾಣಿಯನ್ನು ಹಿಡಿದುಕೊಂಡು ಎರಡು ದಿನ ಕಿತ್ತಾಡಿದೆವು. ಪುಸ್ತಕ ಮುಗಿದ ಮೇಲೆ ಆ ಪ್ರಶ್ನೆಯೇ ತಪ್ಪು ಅನ್ನಿಸಿತು. ಯಾಕೆ ಅಂತ ಹೇಳೋಕೆ ಈ ಬರಹ. ಮೊದಲ ಭಾಗದ ಕೊನೆಯ ಗುಟ್ಟು ಮುಂದೆ ಬರುತ್ತದೆ, ಓದಬೇಕು ಅಂತಿರುವವರು ಪುಸ್ತಕ ಮುಗಿಸಿಯೇ ಬನ್ನಿ.

ಕಥೆ ನಡೆಯೋದು ಫೆನ್‌ಬರ್ನ್ ಅನ್ನೋ ದ್ವೀಪದಲ್ಲಿ. ಅಲ್ಲಿ ಪ್ರತಿ ತಲೆಮಾರಿಗೂ ರಾಣಿಗೆ ತ್ರಿವಳಿ ಹೆಣ್ಣುಮಕ್ಕಳೇ ಹುಟ್ಟುತ್ತಾರೆ. ಒಬ್ಬೊಬ್ಬಳಿಗೆ ಒಂದೊಂದು ಶಕ್ತಿ. ಮಿರಾಬೆಲ್ಲಾ ಗಾಳಿ, ಬೆಂಕಿ, ಸಿಡಿಲನ್ನು ಆಳುವವಳು. ಕ್ಯಾಥರಿನ್‌ಗೆ ಯಾವ ವಿಷವೂ ತಾಗಬಾರದು. ಆರ್ಸಿನೋಯಿ ಗಿಡ, ಪ್ರಾಣಿಗಳನ್ನು ತನ್ನ ಮಾತು ಕೇಳಿಸಬೇಕಾದವಳು. ಹದಿನಾರು ತುಂಬಿದ ಮೇಲೆ ಒಬ್ಬರನ್ನೊಬ್ಬರು ಕೊಲ್ಲುವ ವರ್ಷ ಶುರು.

ಇಷ್ಟು ಪುಸ್ತಕದ ಹಿಂಬದಿ ಓದಿದರೇ ಗೊತ್ತಾಗುತ್ತೆ. ಅಲ್ಲಿ ಇಲ್ಲದ ವಿಷಯ ಏನಂದರೆ, ಆರು ವರ್ಷದವರೆಗೆ ಈ ಮೂವರೂ ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆದವರು. ಒಟ್ಟಿಗೆ ಆಡಿದವರು. ಆಮೇಲೆ ಮೂರು ದೊಡ್ಡ ಮನೆತನಗಳು ಬಂದು ಒಬ್ಬೊಬ್ಬಳನ್ನು ಒಂದೊಂದು ಊರಿಗೆ ಕರಕೊಂಡು ಹೋಗುತ್ತವೆ. ಆರನ್ ಮನೆತನ ಕ್ಯಾಥರಿನ್‌ಗೆ ವರ್ಷಗಟ್ಟಲೆ ವಿಷ ತಿನ್ನಿಸಿ ಅಭ್ಯಾಸ ಮಾಡಿಸುತ್ತೆ, ಅವಳು ಪ್ರತಿ ಸಲ ಕಾಯಿಲೆ ಬೀಳ್ತಾಳೆ. ಮಿರಾಬೆಲ್ಲಾಗೆ ಮಾತ್ರ ಆ ಹಳೆಯ ಮನೆ ಚೆನ್ನಾಗಿ ನೆನಪಿದೆ, ಒಡಹುಟ್ಟಿದವರನ್ನು ಕೊಲ್ಲೋಕೆ ಅವಳಿಗೆ ಮನಸ್ಸಿಲ್ಲ. ಅವಳ ಕಡೆಯವರಿಗೆ ಅದೇ ಚಿಂತೆ.

ಅಂದರೆ ಈ ದ್ವೇಷ ತಾನಾಗಿ ಹುಟ್ಟಿದ್ದಲ್ಲ. ದೂರ ಮಾಡಬೇಕು, ಹತ್ತು ವರ್ಷ ಟ್ರೈನಿಂಗ್ ಕೊಡಬೇಕು, 'ಅವಳು ನಿನ್ನನ್ನು ಕೊಲ್ತಾಳೆ' ಅಂತ ದಿನಾ ಹೇಳ್ತಾ ಇರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಗ್ಯಾರಂಟಿ ಇಲ್ಲ. ಇದರಿಂದ ಲಾಭ ಯಾರಿಗೆ ಅಂತ ನೋಡಿ. ವಿಷದ ರಾಣಿಯರು ಸತತವಾಗಿ ಗೆದ್ದಿದ್ದರಿಂದ ದ್ವೀಪದ ಆಡಳಿತ ಮಂಡಳಿ ಆರನ್‌ಗಳ ಕೈಯಲ್ಲಿದೆ. ದೇವಸ್ಥಾನದವರಿಗೆ ಆ ಅಧಿಕಾರ ಬೇಕು, ಅದಕ್ಕೆ ಅವರು ಮಿರಾಬೆಲ್ಲಾ ಹಿಂದೆ ನಿಂತಿದ್ದಾರೆ. ಸಾಯೋದು ಮಾತ್ರ ಹುಡುಗಿಯರು.

ಕೊನೆಯ ಗುಟ್ಟಂತೂ ನಮ್ಮನ್ನು ಸುಮ್ಮನೆ ಕೂರಿಸಿಬಿಟ್ಟಿತು. ಆರ್ಸಿನೋಯಿಗೆ ಗಿಡ, ಪ್ರಾಣಿ ಯಾವುದೂ ಒಲಿಯೋದೇ ಇಲ್ಲ. ಎಲ್ಲರೂ ಅವಳನ್ನು ಶಕ್ತಿ ಇಲ್ಲದವಳು ಅಂತ ಬರೆದುಬಿಟ್ಟಿರ್ತಾರೆ, ಅವಳೂ ನಂಬಿರ್ತಾಳೆ. ಕೊನೆಗೆ ವಿಷ ತಿಂದರೂ ಅವಳಿಗೆ ಏನೂ ಆಗಲ್ಲ. ಅವಳು ವಿಷದ ರಾಣಿ! ಹುಟ್ಟಿದಾಗ ಹಚ್ಚಿದ ಲೇಬಲ್ಲೇ ತಪ್ಪು. ಆ ಕಡೆ ಕ್ಯಾಥರಿನ್ ತನ್ನದಲ್ಲದ ಶಕ್ತಿಗೋಸ್ಕರ ಅಷ್ಟು ವರ್ಷ ವಿಷ ತಿಂದು ಮೈ ಹಾಳು ಮಾಡಿಕೊಂಡಿದ್ದಾಳೆ. ಇಬ್ಬರೂ ದಡ್ಡಿಯರಲ್ಲ, ತಪ್ಪು ಸಿಲಬಸ್ ಓದಿದವರು.

ಲೇಖಕಿಗೆ ಈ ಕಥೆ ಹೊಳೆದದ್ದು ಜೇನು ಸಾಕುವವರೊಬ್ಬರ ಮಾತಿನಿಂದ. ಗೂಡಿನಲ್ಲಿ ಹೊಸ ರಾಣಿಜೇನುಗಳು ಹೊರಬಂದರೆ ಒಂದನ್ನೊಂದು ಕೊಲ್ಲುತ್ತವೆ, ಉಳಿದದ್ದು ರಾಣಿ ಆಗುತ್ತೆ. ಇದನ್ನು ಕೇಳಿದ ತಕ್ಷಣ ನಮ್ಮಲ್ಲಿ ಒಬ್ಬರು, 'ನೋಡಿದ್ಯಾ, ಪ್ರಕೃತಿಯಲ್ಲೇ ಹಾಗಿದೆ, ಸ್ಪರ್ಧೆ ಸಹಜ' ಅಂದರು. ಹುಡುಕಿ ಓದಿದರೆ ಜೇನಿನ ಕಥೆ ಬೇರೆಯೇ ಇದೆ. ರಾಣಿ ಆಗುವ ಮರಿಗೂ ಕೆಲಸಗಾರ ಜೇನಾಗುವ ಮರಿಗೂ ಮೊಟ್ಟೆಯಲ್ಲಿ ವ್ಯತ್ಯಾಸ ಇಲ್ಲ. ಕೆಲಸಗಾರ ಜೇನುಗಳು ದೊಡ್ಡ ಕೋಣೆ ಕಟ್ಟಿ ಕೊನೆಯವರೆಗೂ ರಾಯಲ್ ಜೆಲ್ಲಿ ತಿನ್ನಿಸಿದ ಮರಿ ಸುಮಾರು 16 ದಿನದಲ್ಲಿ ರಾಣಿಯಾಗಿ ಹೊರಬರುತ್ತೆ. ಉಳಿದವು ಸುಮಾರು 21 ದಿನಕ್ಕೆ ಕೆಲಸಗಾರರಾಗುತ್ತವೆ. ಎಷ್ಟು ರಾಣಿಯರನ್ನು ಬೆಳೆಸಬೇಕು ಅಂತ ತೀರ್ಮಾನ ಮಾಡೋದೂ ಅವೇ. ಗೂಡು ಒಡೆದು ಹಿಂಡು ಹೊರಡುವ ಕಾಲದಲ್ಲಂತೂ, ಹೊರಬಂದ ರಾಣಿ ಉಳಿದವರನ್ನು ಕುಟುಕದ ಹಾಗೆ ಕೆಲಸಗಾರರೇ ಅವರ ಕೋಣೆಗಳನ್ನು ಕಾಯುತ್ತವೆ, ಒಳಗಿರುವ ರಾಣಿಯರಿಗೆ ಊಟವನ್ನೂ ಕೊಡುತ್ತವೆ. ಗೂಡಿಗೆ ಇನ್ನೊಬ್ಬ ರಾಣಿ ಬೇಕಿದ್ದರೆ ಜಗಳ ನಿಲ್ಲುತ್ತೆ, ಬೇಡವಾದರೆ ನಡೆಯುತ್ತೆ. ರಾಣಿಯರಲ್ಲಿ ಕುಟುಕುವ ಸ್ವಭಾವ ಇರೋದು ನಿಜ. ಆದರೆ ಅಖಾಡ ಕಟ್ಟೋದು ಗೂಡು.

ನಮ್ಮ ವಿಷಯಕ್ಕೆ ಬರೋಣ. ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಮೊದಲ ವರ್ಷ ನಾವು ಮೂವರೂ ರಾತ್ರಿ ಒಂದೇ ಮ್ಯಾಗಿ ಪಾತ್ರೆಗೆ ಕೈ ಹಾಕಿ ತಿಂದವರು. ಕಳೆದ ಸೆಮ್‌ನಲ್ಲಿ ಕೆಲವು ಸಬ್ಜೆಕ್ಟ್‌ಗಳಿಗೆ ರಿಲೇಟಿವ್ ಗ್ರೇಡಿಂಗ್ ಬಂತು. ಅಂದರೆ ನಮಗೆಷ್ಟು ಬಂತು ಅನ್ನೋದಕ್ಕಿಂತ ಕ್ಲಾಸಿನ ಸರಾಸರಿಗಿಂತ ಎಷ್ಟು ಮೇಲಿದ್ದೀವಿ ಅನ್ನೋದು ಲೆಕ್ಕ. ಒಬ್ಬರಿಗೆ ಸೀನಿಯರ್ ಕಡೆಯಿಂದ ಹಳೆಯ ಪ್ರಶ್ನೆಪತ್ರಿಕೆಗಳ ಫೈಲ್ ಸಿಕ್ಕಿತ್ತು. ಅದು ಉಳಿದಿಬ್ಬರಿಗೆ ಬರಲಿಲ್ಲ. ಇನ್ನೊಬ್ಬರು 'ಏನೂ ಓದಿಲ್ಲ ಕಣೋ' ಅಂತ ಹೇಳಿ ಲೈಬ್ರರಿಯಲ್ಲಿ ರಾತ್ರಿ ಕೂತಿದ್ದರು. ಮೂರನೆಯವರು ತಮ್ಮ ಲ್ಯಾಬ್ ರೆಕಾರ್ಡ್ ಮನೆಯಲ್ಲೇ ಬಿಟ್ಟಿದ್ದೀನಿ ಅಂದಿದ್ದರು, ಅದು ಬ್ಯಾಗಲ್ಲೇ ಇತ್ತು. ಯಾರು ಯಾರು ಅಂತ ಬರೆಯಲ್ಲ. ರಿಸಲ್ಟ್ ಬಂದಾಗ ಮೂವರಿಗೂ ಒಂದೇ ಗ್ರೇಡ್! ಆಮೇಲೆ ಒಂದು ವಾರ ರೂಮಲ್ಲಿ ಸರಿಯಾಗಿ ಮಾತೇ ಇರಲಿಲ್ಲ.

'ಅಲ್ಲಿ ಪ್ರಾಣದ ಪ್ರಶ್ನೆ, ಇಲ್ಲಿ ಬರೀ ಮಾರ್ಕ್ಸು, ಎಲ್ಲಿಂದೆಲ್ಲಿಗೆ' ಅಂತ ನೀವು ಕೇಳಬಹುದು. ಒಪ್ಪುತ್ತೀವಿ, ಎರಡೂ ಒಂದೇ ಅಲ್ಲ. ಸ್ಪರ್ಧೆಯೇ ಬೇಡ ಅಂತಲೂ ನಾವು ಹೇಳ್ತಿಲ್ಲ, ಸೀಟು ಹತ್ತಿದ್ದು ಜನ ನೂರಿದ್ದರೆ ಯಾರಾದರೂ ಆರಿಸಲೇಬೇಕು. ನಮ್ಮ ಮಾತು ಇಷ್ಟೇ: ಸಿಟ್ಟು ಪಕ್ಕದ ಮಂಚದವರ ಮೇಲೆ ಬರೋ ಮೊದಲು, ಈ ಆಟದ ನಿಯಮ ಯಾರು ಬರೆದರು ಅಂತ ಒಂದು ಸಲ ಕೇಳಬೇಕು. ಫೆನ್‌ಬರ್ನ್‌ನಲ್ಲಿ ಆ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಲ್ಲ. 'ಮೊದಲಿಂದಲೂ ಹೀಗೇ' ಅನ್ನೋದೇ ಎಲ್ಲರ ಉತ್ತರ.

ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಮೊದಲ ನೂರು ಪುಟ ನಿಧಾನ. ಹೆಸರುಗಳು ಎಷ್ಟಿವೆ ಅಂದರೆ ನಾವು ಕೊನೆಯ ಪುಟದಲ್ಲಿ ಪೆನ್ಸಿಲಲ್ಲಿ ಚಾರ್ಟ್ ಬರೆದುಕೊಂಡೆವು. ಜೋಸೆಫ್ ಅನ್ನೋ ಹುಡುಗನ ಪ್ರೇಮದ ಎಳೆ ಕಥೆಯನ್ನು ಸುಮ್ಮನೆ ಎಳೆದಾಡುತ್ತೆ, ಅದನ್ನು ಅರ್ಧ ಮಾಡಿದ್ದರೆ ಅಕ್ಕತಂಗಿಯರಿಗೆ ಇನ್ನಷ್ಟು ಜಾಗ ಸಿಗ್ತಿತ್ತು. ಮೂವರೂ ಎದುರುಬದುರಾಗಿ ಕೂತು ಮಾತಾಡೋದನ್ನು ಕಾಯ್ತಾ ಕಾಯ್ತಾ ಪುಸ್ತಕವೇ ಮುಗಿದುಹೋಗುತ್ತೆ. ಆದರೂ ಓದಿ. ಚರಿತ್ರೆಯಲ್ಲೂ ಒಬ್ಬ ಆರ್ಸಿನೋಯಿ ಇದ್ದಳು, ಈಜಿಪ್ಟಿನ ಕ್ಲಿಯೋಪಾತ್ರಾಳ ತಂಗಿ. ಕ್ರಿಸ್ತಪೂರ್ವ 41ರಲ್ಲಿ ಎಫೆಸಸ್‌ನಲ್ಲಿ ಅಕ್ಕನ ಇಚ್ಛೆಯಂತೆ ಅವಳನ್ನು ಕೊಲ್ಲಿಸಿದರು, ಆಜ್ಞೆ ಕೊಟ್ಟವನು ರೋಮಿನ ಆಂಟನಿ. ಅಲ್ಲೂ ಅಕ್ಕತಂಗಿಯರ ಜಗಳದ ನಡುವೆ ಮೂರನೆಯವರು ಇದ್ದರು ಅನ್ನೋದನ್ನು ಈ ಪುಸ್ತಕ ಓದಿದ ಮೇಲೆ ನಾವು ಗಮನಿಸಿದ್ದು.

ಈ ಸೆಮ್ ನಮ್ಮ ರೂಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೀವಿ. ಯಾರಿಗೆ ಯಾವ ನೋಟ್ಸ್, ಯಾವ ಹಳೆಯ ಪೇಪರ್ ಸಿಕ್ಕರೂ ಅವತ್ತೇ ಕ್ಲಾಸ್ ಗ್ರೂಪಿಗೆ ಹಾಕಬೇಕು. ಮೊದಲ ಫೈಲ್ ಹಾಕುವಾಗ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲ್ಲ. ಎರಡು ದಿನ ಬಿಟ್ಟು ನಾವು ಯಾವತ್ತೂ ಮಾತಾಡಿಸದ ಹುಡುಗಿಯೊಬ್ಬಳು ತನ್ನ ಸಿಗ್ನಲ್ಸ್ ನೋಟ್ಸ್ ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದಳು. ಅದು ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ. ಬೇಕಾದವರು ಕೇಳಿ. ಪುಸ್ತಕವೂ ನಮ್ಮ ರೂಮಲ್ಲೇ ಇದೆ, ಬಂದು ತಗೊಳ್ಳಿ.