ಎರವಲು

ನಮ್ಮ ಮನೆಯ ಅಟ್ಟದ ಮೇಲೆ ಹಿತ್ತಾಳೆಯ ದೊಡ್ಡದೊಂದು ಕೊಪ್ಪರಿಗೆಯಿದೆ. ಅದರ ಕಂಠದ ಸುತ್ತ ನನ್ನ ಅಜ್ಜಿಯ ಹೆಸರನ್ನೂ ಊರಿನ ಹೆಸರನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾರೆ. ಬಾಲ್ಯದಲ್ಲಿ ನಾನು ಅದನ್ನು ಅಜ್ಜಿಯ ಹೆಮ್ಮೆಯ ಕುರುಹೆಂದು ಭಾವಿಸಿದ್ದೆ. ಪಾತ್ರೆ ದಾರಿ ತಪ್ಪದೆ ಮನೆಗೆ ಮರಳಲೆಂದು ಕೊರೆಸಿದ ವಿಳಾಸ ಅದು ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ನಮ್ಮ ಬೀದಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಆ ಕೊಪ್ಪರಿಗೆ ಹೊರಡುತ್ತಿತ್ತು. ಹಬ್ಬ ಹತ್ತಿರವಾದರೆ ಚಕ್ಕುಲಿಯ ಒರಳು ಮನೆಯಿಂದ ಮನೆಗೆ ಅಲೆಯುತ್ತಿತ್ತು. ಎಲ್ಲವೂ ಹುಣಸೆಹಣ್ಣಿನಲ್ಲಿ ಉಜ್ಜಿ ಬೆಳಗಿಸಿಕೊಂಡು ಮರಳುತ್ತಿದ್ದವು. ಬರಿದಾಗಿ ಮಾತ್ರ ಬರುತ್ತಿರಲಿಲ್ಲ. ಒಂದು ಅಚ್ಚು ಬೆಲ್ಲವೋ ಒಂದು ತೆಂಗಿನಕಾಯಿಯೋ ಅದರೊಳಗಿರುತ್ತಿತ್ತು.

ಆ ಕೊಪ್ಪರಿಗೆಯ ಒಂದು ಪಕ್ಕದಲ್ಲಿ ಅಂಗೈಯಗಲದ ತಗ್ಗು ಇದೆ. ಅದು ಬಿದ್ದ ದಿನ ನನಗೆ ನೆನಪಿದೆ. ಒಯ್ದವರ ಮನೆಯ ಹೆಂಗಸು ತಾನೇ ಅದನ್ನು ಹೊತ್ತು ತಂದು, ಅಜ್ಜಿಯ ಕಣ್ಣು ಬೀಳುವ ಮೊದಲೇ ಆ ಪಕ್ಕವನ್ನು ಬೆಳಕಿಗೆ ತಿರುಗಿಸಿ, “ದೊಡ್ಡಮ್ಮಾ, ಜಗುಲಿಯ ಮೇಲಿಂದ ಉರುಳಿಬಿಟ್ಟಿತು. ಇಲ್ಲಿ ತಗ್ಗಾಗಿದೆ ನೋಡಿ. ಕಂಚುಗಾರ ಬಂದಾಗ ನಾನೇ ಸರಿಮಾಡಿಸಿ ಕೊಡುತ್ತೇನೆ” ಎಂದಳು. ಅಜ್ಜಿ ತಗ್ಗನ್ನು ಒಮ್ಮೆ ಸವರಿದಳು. ಅವಳಿಗೆ ಬೇಸರವಾಗಿರಲಿಲ್ಲವೆಂದು ಹೇಳಲಾರೆ. ಆ ಪಾತ್ರೆ ಅವಳ ತವರಿನಿಂದ ಬಂದದ್ದು. ಆದರೂ ಅವಳು ಕೇಳಿದ್ದು, “ಯಾರ ಕಾಲಿನ ಮೇಲೂ ಬೀಳಲಿಲ್ಲ ತಾನೆ?” ಎಂದು ಮಾತ್ರ. ಆ ವರ್ಷ ಕಂಚುಗಾರ ಬರಲಿಲ್ಲ. ಮರುವರ್ಷ ಬಂದಾಗ ಯಾರಿಗೂ ನೆನಪಾಗಲಿಲ್ಲ. ತಗ್ಗು ಹಾಗೆಯೇ ಉಳಿಯಿತು. ಎರಡು ಮನೆಗಳ ನಡುವಿನ ಹೋಗಿಬರುವಿಕೆಯೂ ಹಾಗೆಯೇ ಉಳಿಯಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನು ಹೇಳಬೇಕು. ಅದು ನನ್ನದೇ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಅಣ್ಣ ತನ್ನ ಮೊದಲ ಸಂಬಳದಲ್ಲಿ ನನಗೊಂದು ಶಾಯಿಯ ಪೆನ್ನು ಕೊಡಿಸಿದ. ಶಾಯಿಯ ಪೆನ್ನಿನ ಸ್ವಭಾವ ಇಂದಿನ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾಗಿರಲಾರದು. ಬರೆಯುವವನ ಕೈಯ ಓರೆಗೆ ತಕ್ಕಂತೆ ಅದರ ನಿಬ್ಬು ದಿನದಿನಕ್ಕೆ ಸವೆದು ಅವನ ಬೆರಳುಗಳಿಗೆ ಹೊಂದಿಕೊಳ್ಳುತ್ತದೆ. ಆದುದರಿಂದ ಅದನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ಹಿರಿಯರು ಹೇಳುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ನನ್ನ ಬೆಂಚಿನ ಗೆಳೆಯ ತನ್ನ ಪೆನ್ನು ಸೋರುತ್ತಿದೆಯೆಂದು ಕೈಯ ನೀಲಿಯನ್ನು ತೋರಿಸಿದ. ನನ್ನಲ್ಲಿ ಹಳೆಯದೊಂದು ಪೆನ್ನೂ ಇತ್ತು. ಅದನ್ನು ನಾನಿಟ್ಟುಕೊಂಡು, ಹೊಸದನ್ನು ಅವನಿಗೆ ಕೊಟ್ಟೆ. ಹಳೆಯದನ್ನು ಕೊಟ್ಟಿದ್ದರೂ ಅವನ ಕೆಲಸ ನಡೆಯುತ್ತಿತ್ತು. ಹೊಸದನ್ನು ಕೊಟ್ಟಾಗ ನನ್ನಲ್ಲಿ ಸ್ನೇಹ ಎಷ್ಟಿತ್ತೋ, ಔದಾರ್ಯವನ್ನು ತೋರಿಸಿಕೊಳ್ಳುವ ಆಸೆ ಎಷ್ಟಿತ್ತೋ, ಈಗ ಅಳೆದು ಹೇಳುವುದು ಕಷ್ಟ.

ಪರೀಕ್ಷೆ ಮುಗಿದು ಮೂರು ದಿನಗಳಾದ ಮೇಲೆ, ನಾನು ಹೊರಗೆ ಹೋಗಿದ್ದಾಗ, ಪೆನ್ನು ನನ್ನ ಪುಸ್ತಕಗಳ ಮೇಲೆ ಬಂದು ಕುಳಿತಿತ್ತು. ಮುಚ್ಚಳ ತೆಗೆದು ನೋಡಿದೆ. ಬೆಳ್ಳಿಯ ಬಣ್ಣದ ನಿಬ್ಬಿನ ಸ್ಥಾನದಲ್ಲಿ ಹಳದಿಯ ಬೇರೊಂದು ನಿಬ್ಬಿತ್ತು. ಬರೆದರೆ ಅಕ್ಷರ ದಪ್ಪವಾಗಿ ಹರಡುತ್ತಿತ್ತು. ಅವನು ಏನೂ ಹೇಳಲಿಲ್ಲ; ನಾನು ಏನೂ ಕೇಳಲಿಲ್ಲ. ಕೇಳುವುದು ಸಣ್ಣತನವೆಂದು ನನಗೆ ತೋರಿತು. ಆದರೆ ಅವನನ್ನು ಬಿಟ್ಟು ಇಡೀ ತರಗತಿಗೆ ಹೇಳುವುದು ಸಣ್ಣತನವೆಂದು ತೋರಲಿಲ್ಲ. ಒಂದು ವಾರದೊಳಗೆ ಅವನು ಬೇರೆ ಬೆಂಚಿಗೆ ಹೋದ. ಹತ್ತನೆಯ ತರಗತಿ ಮುಗಿಯುವವರೆಗೂ ನಾವು ಮಾತಾಡಲಿಲ್ಲ.

ಇಪ್ಪತ್ತು ವರ್ಷಗಳಾದ ಮೇಲೆ ಒಂದು ಮದುವೆಯ ಮನೆಯಲ್ಲಿ ಅವನು ಸಿಕ್ಕಿದ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ತಾನಾಗಿಯೇ ಆ ಮಾತನ್ನು ತೆಗೆದ. ಪರೀಕ್ಷೆಯ ಎರಡನೆಯ ದಿನ ಪೆನ್ನು ಮೇಜಿನಿಂದ ಕಲ್ಲಿನ ನೆಲಕ್ಕೆ ಬಿದ್ದು ನಿಬ್ಬಿನ ತುದಿ ಸೀಳಿತಂತೆ. ಬಸ್ಸಿಗೆಂದು ಮನೆಯಲ್ಲಿ ಕೊಟ್ಟಿದ್ದ ಹಣದಿಂದ ಹೊಸ ನಿಬ್ಬು ಕೊಂಡು, ಸಂಜೆ ಊರಿಗೆ ನಡೆದುಕೊಂಡು ಹೋದನಂತೆ. “ಹಾಗಾದರೆ ನನಗೇಕೆ ಹೇಳಲಿಲ್ಲ?” ಎಂದೆ. “ನಿಮ್ಮಣ್ಣ ಕೊಡಿಸಿದ ಪೆನ್ನು ಅಂತ ಹೆದರಿಕೆಯಾಯಿತು ಕಣೋ. ನೀನು ಕೇಳಿದರೆ ಹೇಳಿಬಿಡೋಣ ಅಂದುಕೊಂಡಿದ್ದೆ. ನೀನು ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿದೆ” ಎಂದ. ಅಷ್ಟರಲ್ಲಿ ಪಾಯಸ ಬಂದಿತು. ನನಗೆ ಕೊಡಲು ಉತ್ತರವಿರಲಿಲ್ಲ.

ಈ ಎರಡು ಸಂಗತಿಗಳನ್ನು ನಾನು ಮತ್ತೆ ಮತ್ತೆ ಹೋಲಿಸಿ ನೋಡಿದ್ದೇನೆ. ಎರಡರಲ್ಲಿಯೂ ವಸ್ತು ಕೆಟ್ಟಿತು. ಬೆಲೆಯಲ್ಲಿ ಕೊಪ್ಪರಿಗೆಯೇ ಹೆಚ್ಚಿನದು. ಒಂದೆಡೆ ಸ್ನೇಹ ಉಳಿಯಿತು, ಇನ್ನೊಂದೆಡೆ ಹೋಯಿತು. ಆದುದರಿಂದ ವಸ್ತು ಕೆಟ್ಟುದೇ ವಿಶ್ವಾಸ ಕೆಡಲು ಕಾರಣವೆಂದು ನಾನು ಒಪ್ಪಲಾರೆ. ಪೆನ್ನು ನೆಲಕ್ಕೆ ಬಿದ್ದಾಗ ವಿಶ್ವಾಸ ಮುರಿಯಲಿಲ್ಲ. ಅದು ಮಾತಿಲ್ಲದೆ ಪುಸ್ತಕಗಳ ಮೇಲೆ ಬಂದು ಕುಳಿತಾಗ ಮುರಿಯತೊಡಗಿತು. ಅದನ್ನು ಪೂರ್ತಿ ಮುರಿದವನು ನಾನು. ನಮ್ಮ ಜನರಲ್ಲಿ ದಾಕ್ಷಿಣ್ಯವೆಂಬುದು ದೊಡ್ಡ ಗುಣವೆಂದು ಹೆಸರು ಪಡೆದಿದೆ. ಕೊಡುವಾಗ ‘ಇಲ್ಲ’ ಎನ್ನಲು ದಾಕ್ಷಿಣ್ಯ. ಎಷ್ಟು ದಿನಕ್ಕೆ ಎಂದು ಕೇಳಲು ದಾಕ್ಷಿಣ್ಯ. ಹಿಂದಕ್ಕೆ ಕೇಳಲು ದಾಕ್ಷಿಣ್ಯ. ಕೆಡಿಸಿದವನಿಗೆ ಹೇಳಿಕೊಳ್ಳಲು ದಾಕ್ಷಿಣ್ಯ. ಮೋಸಗಾರರಿಂದ ಹಾಳಾದ ಸ್ನೇಹಗಳಿಗಿಂತ ದಾಕ್ಷಿಣ್ಯದಿಂದ ಹಾಳಾದ ಸ್ನೇಹಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ನ್ಯಾಯಶಾಸ್ತ್ರಕ್ಕೆ ಈ ದಾಕ್ಷಿಣ್ಯವಿಲ್ಲ. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಒಬ್ಬರ ವಸ್ತು ಇನ್ನೊಬ್ಬರ ಕೈಸೇರಿದಾಗ ಇಬ್ಬರಿಗೂ ಇರುವ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಬಾಡಿಗೆಯಿಲ್ಲದೆ ಎರವಲು ಕೊಟ್ಟ ವಸ್ತುವೂ ಅದರಲ್ಲಿ ಸೇರುತ್ತದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಅಂಥದೇ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುವನೋ ಅಷ್ಟು ಜೋಪಾನವನ್ನು ಪಡೆದವನು ವಹಿಸಬೇಕು. ಅಷ್ಟನ್ನು ವಹಿಸಿದ ಮೇಲೂ ವಸ್ತು ಹಾಳಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲ. ನನ್ನ ಗೆಳೆಯ ಈ ಮಾತನ್ನು ಬಲ್ಲವನಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ!

ಆ ಕಾಯಿದೆ ಕುದುರೆಗಳ ಎರಡು ದೃಷ್ಟಾಂತಗಳನ್ನು ಕೊಡುತ್ತದೆ. ಒಬ್ಬನು ತನ್ನ ಕುದುರೆ ಪುಂಡ ಕುದುರೆಯೆಂದು ತಿಳಿದಿದ್ದೂ ಅದನ್ನು ಹೇಳದೆ ಎರವಲು ಕೊಡುತ್ತಾನೆ. ಅದು ಸವಾರನನ್ನು ಕೆಡವುತ್ತದೆ. ಇಲ್ಲಿ ಕೊಟ್ಟವನೇ ಹೊಣೆ. ಇನ್ನೊಬ್ಬನು ತಾನೊಬ್ಬನೇ ಸವಾರಿ ಮಾಡಲೆಂದು ಕುದುರೆಯನ್ನು ಪಡೆದು ತನ್ನ ಮನೆಯ ಇನ್ನೊಬ್ಬನಿಗೆ ಕೊಡುತ್ತಾನೆ. ಆ ಸವಾರ ಎಚ್ಚರದಿಂದಲೇ ಇದ್ದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡರೆ, ಪಡೆದವನು ನಷ್ಟ ತುಂಬಿಕೊಡಬೇಕು. ಈಗ ಕುದುರೆಯನ್ನು ಎರವಲು ಕೇಳುವವರಿಲ್ಲ. ಆದರೆ ಬ್ರೇಕು ಹಿಡಿಯದ ಸೈಕಲ್ಲನ್ನು ಏನೂ ಹೇಳದೆ ಕೊಡುವವರಿದ್ದಾರೆ. ಮನೆಗೊಂದು ಕರೆ ಮಾಡುತ್ತೇನೆಂದು ಗೆಳೆಯನ ಮೊಬೈಲ್ ಪಡೆದು, ಅದರಲ್ಲಿರುವ ಚಿತ್ರಗಳನ್ನೂ ಸಂದೇಶಗಳನ್ನೂ ತೆರೆದು ನೋಡುವವರು, ನಾಲ್ಕು ಜನರಿಗೆ ತೋರಿಸುವವರು ಇದ್ದಾರೆ. ಯಂತ್ರಕ್ಕೆ ಒಂದು ಗೀರೂ ಬೀಳದೆ ಮರಳಬಹುದು. ಒಂದು ಕರೆಗೆಂದು ಪಡೆದದ್ದನ್ನು ಬೇರೆ ಕೆಲಸಕ್ಕೆ ಬಳಸಿದ ಮೇಲೆ ಅದು ಹಾಳಾಗದೆ ಮರಳಿತೆಂದು ಹೇಗೆ ಹೇಳುವುದು?

ನಮ್ಮ ಪ್ರಾಚೀನರೂ ಈ ವಿಷಯವನ್ನು ಯೋಚಿಸದೆ ಬಿಟ್ಟಿರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೇಳಿ ಪಡೆದ ವಸ್ತುವಿನ ನಿಯಮವಿದೆ: ಯಾವ ಸ್ಥಿತಿಯಲ್ಲಿ ಪಡೆದರೋ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು, ತಮ್ಮ ಕೈಮೀರಿದ ವಿಪತ್ತಿನಿಂದ ಹಾಳಾದರೆ ಪಡೆದವರು ಹೊಣೆಯಲ್ಲ. ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ವಿಜ್ಞಾಪನೆಯೊಂದರಲ್ಲಿ ಗ್ರಂಥವೇ ಮಾತಾಡಿ, ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದೂ ಮೂರ್ಖರ ಕೈಗೆ ಕೊಡಬಾರದೆಂದೂ ಬೇಡಿಕೊಳ್ಳುತ್ತದೆ. ಗ್ರಂಥವನ್ನು ಓದಲು ಕೊಡುವವರ ಸಂಕಟ ಎಷ್ಟು ಹಳೆಯದು!

ಹಾಗಾದರೆ ಕೊಡದೆ ಇರುವುದೇ ಲೇಸಲ್ಲವೇ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಹೆರ್‌ಫರ್ಡ್ ನಗರದ ಚರ್ಚಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿರುವ ಹಳೆಯ ಗ್ರಂಥಾಲಯ ಇಂದಿಗೂ ಇದೆ. ಪುಸ್ತಕವನ್ನು ಎಳೆದು ಮೇಜಿನ ಮೇಲಿಟ್ಟು ಓದಬಹುದು, ಒಯ್ಯಲಾಗದು. ಕೈಯಲ್ಲಿ ಬರೆದ ಒಂದೊಂದು ಪ್ರತಿಯೂ ಅಪೂರ್ವವಾಗಿದ್ದ ಕಾಲದಲ್ಲಿ ಅದು ತಪ್ಪೆನ್ನಲಾಗದು. ಆದರೆ ಬಾಳಿನಲ್ಲಿ ಎಲ್ಲವನ್ನೂ ಸರಪಳಿಯಲ್ಲಿ ಬಿಗಿದಿಟ್ಟವನ ಮನೆಗೆ ಬೆಲ್ಲದ ಅಚ್ಚು ಬರುವುದಿಲ್ಲ. ಅಗತ್ಯ ಬಿದ್ದಾಗ ಪಕ್ಕದ ಮನೆಯ ಕದವನ್ನು ತಟ್ಟುವ ಧೈರ್ಯವೂ ಅವನಿಗೆ ಉಳಿಯುವುದಿಲ್ಲ.

ಕೊಡಲಾಗದ ವಸ್ತುಗಳು ಪ್ರತಿಯೊಬ್ಬರಲ್ಲಿಯೂ ಕೆಲವಿರುತ್ತವೆ. “ಇದನ್ನು ಕೊಡಲಾರೆ, ಅಣ್ಣ ಕೊಡಿಸಿದ್ದು, ಬೇಕಾದರೆ ಈ ಹಳೆಯದನ್ನು ತೆಗೆದುಕೋ” ಎಂದು ನಾನು ಅಂದು ಹೇಳಿದ್ದರೆ ಗೆಳೆಯನಿಗೆ ನೋವಾಗುತ್ತಿರಲಿಲ್ಲ. ಕೊಟ್ಟ ಮೇಲೆ, ಹೇಳಿದ ದಿನಕ್ಕೆ ಬಾರದಿದ್ದರೆ, ಬಾರದವನನ್ನೇ, ಅವನೊಬ್ಬನೇ ಇದ್ದಾಗ, ನೇರವಾಗಿ ಕೇಳಬೇಕು. ಕೆಟ್ಟು ಬಂದರೂ ಮೊದಲ ಪ್ರಶ್ನೆ ಅವನದೇ ಕಿವಿಗೆ ಬೀಳಬೇಕು. ಕೇಳಿದರೂ ಸುಳ್ಳು ಹೇಳುವವನಿದ್ದಾನೆ, ಪಡೆದದ್ದನ್ನು ಪಡೆದೇ ಇಲ್ಲವೆನ್ನುವವನಿದ್ದಾನೆ. ಅಂಥವನಿಗೆ ಮತ್ತೆ ಕೊಡಬೇಕೆಂದು ನಾನು ಹೇಳಲಾರೆ. ಕೊಡದಿರುವುದಕ್ಕೆ ಹಗೆ ಸಾಧಿಸಬೇಕಾಗಿಲ್ಲ. ಅವನೊಡನೆ ಆಟವಾಡಬಹುದು, ಬುತ್ತಿಯನ್ನು ಹಂಚಿಕೊಂಡು ಉಣ್ಣಬಹುದು. ಒಬ್ಬನನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿದು ಅಷ್ಟನ್ನೇ ನಂಬುವುದು ಅವನಿಗೆ ಮಾಡುವ ಅವಮಾನವಲ್ಲ.

ಇಷ್ಟೆಲ್ಲ ಬರೆದ ನಾನು ಪಡೆಯುವವನಾಗಿ ಹೇಗಿದ್ದೆನೆಂಬುದನ್ನೂ ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಪ್ರೌಢಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರಿಂದ ಹಳಗನ್ನಡ ವ್ಯಾಕರಣದ ಒಂದು ಪುಸ್ತಕವನ್ನು ಬೇಸಗೆಯ ರಜೆಗೆಂದು ಪಡೆದಿದ್ದೆ. ರಜೆ ಮುಗಿಯಿತು, ಪುಸ್ತಕ ಮುಗಿಯಲಿಲ್ಲ. ಅವರಿಗೆ ವರ್ಗವಾಯಿತು. ಮೊದಲ ವರ್ಷ ತಲುಪಿಸಬೇಕೆಂದುಕೊಂಡೆ. ಎರಡನೆಯ ವರ್ಷ ನಾಚಿಕೆಯಾಯಿತು. ಆಮೇಲೆ, ಅವರು ಮರೆತಿರಬಹುದೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಅವಧಿ ಮುಗಿದೊಡನೆ, ಕೊಟ್ಟವನು ಕೇಳುವವರೆಗೆ ಕಾಯದೆ ವಸ್ತುವನ್ನು ಹಿಂದಿರುಗಿಸಬೇಕೆಂದು ಮೇಲೆ ಹೇಳಿದ ಕಾಯಿದೆಯಲ್ಲೇ ಇದೆ. ಅದನ್ನು ಓದಿದ ದಿನವೂ ಆ ಪುಸ್ತಕ ನನ್ನ ಕಪಾಟಿನಲ್ಲಿತ್ತು.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಕೆಲವು ತಿಂಗಳುಗಳ ಮೇಲೆ ನಾನು ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿಸಿ ಅವರ ಮನೆಗೆ ಹೋದೆ. ಅವರ ಮಗಳು ಪುಸ್ತಕವನ್ನು ಕೈಗೆ ತೆಗೆದುಕೊಂಡು, “ಅಪ್ಪನ ಪಟ್ಟಿಯಲ್ಲಿ ಇರಬೇಕು, ನೋಡುತ್ತೇನೆ” ಎಂದು ಒಳಗಿನಿಂದ ಒಂದು ಚಿಕ್ಕ ನೋಟುಬುಕ್ಕನ್ನು ತಂದರು. ಪುಸ್ತಕದ ಹೆಸರು, ಪಡೆದವರ ಹೆಸರು, ದಿನಾಂಕ, ಎಲ್ಲವೂ ಅಚ್ಚುಕಟ್ಟಾದ ಅಕ್ಷರಗಳಲ್ಲಿದ್ದವು. ಹಿಂದಕ್ಕೆ ಬಂದ ಪುಸ್ತಕಗಳ ಸಾಲುಗಳಿಗೆ ಅಡ್ಡಗೆರೆ ಎಳೆದಿದ್ದರು. ನನ್ನ ಹೆಸರಿನ ಸಾಲಿಗೆ ಗೆರೆ ಇರಲಿಲ್ಲ. ಅದರ ಮುಂದೆ ‘ಕೇಳಬೇಕು’ ಎಂದು ಬರೆದಿದ್ದರು. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಮತ್ತೊಮ್ಮೆ ‘ಕೇಳಬೇಕು’ ಎಂದಿತ್ತು.